ಬಾಡಿಗೆ ಕೊಟ್ಟೆನೆಂದ ಮಾಳಪ್ಪಜ್ಜ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜೀವಮಾನವೆಲ್ಲ ಗಾಡಿಗಳ ವಿಮೆ ಮಾಡಿಸಿದವನು ನಾನು. ಗಿಡಕ್ಕೆ ಗುದ್ದಿದ ಕಾರು, ಹಳ್ಳಕ್ಕೆ ಬಿದ್ದ ಜೀಪು, ಎಲ್ಲವನ್ನೂ ಸುತ್ತು ಹಾಕಿ ನೋಡಿ ವರದಿ ಬರೆದವನು. ಆದರೆ ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ, ನಾನೇ ಮಾರುತ್ತಿದ್ದ ಪಾಲಿಸಿಯನ್ನು ನಾನೇ ಪೂರ್ತಿ ಓದಿರಲಿಲ್ಲ! ನಗಬೇಡಿ. ಈಗ ಹೊಸದಾಗಿ ಈ ಕೆಲಸಕ್ಕೆ ಬಂದಿರುವ ನಿಮ್ಮಲ್ಲಿ ಎಷ್ಟು ಜನ ಓದಿದ್ದೀರಿ, ಎದೆ ಮುಟ್ಟಿಕೊಂಡು ಹೇಳಿ ನೋಡೋಣ.

ಎಪ್ಪತ್ತರ ದಶಕದ ಕೊನೆಯ ಮಾತು. ಆಗ ಬಾಗಲಕೋಟೆ ಇನ್ನೂ ವಿಜಾಪುರ ಜಿಲ್ಲೆಯ ಒಂದು ತಾಲೂಕು. ವಿಮಾ ಕಂಪನಿಗಳೆಲ್ಲ ಸರಕಾರದ ಕೈಗೆ ಬಂದು ನಾಲ್ಕಾರು ವರ್ಷವಾಗಿತ್ತು. ನಮ್ಮ ಶಾಖೆ ಇದ್ದದ್ದು ಒಂದು ಕಿರಾಣಿ ಅಂಗಡಿಯ ಮೇಲೆ. ಮೂರು ಟೇಬಲ್, ಒಂದು ಟೈಪ್‌ರೈಟರ್, ಗೋಡೆಗೆ ಒಂದು ಕ್ಯಾಲೆಂಡರ್, ಅಷ್ಟೇ ವೈಭವ. ಕೆಳಗೆ ಒಣಮೆಣಸಿನಕಾಯಿ ಚೀಲ ಬಿಚ್ಚಿದರೆ ಸಾಕು, ಮೇಲೆ ನಾವೆಲ್ಲ ಸಾಲಾಗಿ ಸೀನುತ್ತಿದ್ದೆವು. ನಾನು ಇನ್ಸ್‌ಪೆಕ್ಟರ್. ಬಾದಾಮಿ, ಹುನಗುಂದ, ಇಳಕಲ್ಲು ನನ್ನ ಸೀಮೆ. ಕಂಕುಳಲ್ಲಿ ಚೀಲ ಇಟ್ಟುಕೊಂಡು ಕೆಂಪು ಬಸ್ಸು ಹತ್ತಿದೆನೆಂದರೆ ಒಬ್ಬ ಪೊಲೀಸ್ ಸಾಹೇಬನಿಗಿರುವ ಗತ್ತು ನನಗಿರುತ್ತಿತ್ತು. ಇಪ್ಪತ್ತಾರು ವರ್ಷ ವಯಸ್ಸು ನೋಡಿ!

ಪಾಲಿಸಿ ಇರುತ್ತಿದ್ದದ್ದು ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಅದನ್ನು ಜನ ಏನು ಮಾಡುತ್ತಿದ್ದರು ಗೊತ್ತೇ? ಅರಿಶಿನ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ಇಡುತ್ತಿದ್ದರು. ಇಳಕಲ್ಲಿನಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದರು, ಹೆಸರು ಬೇಡ. ಅವರ ಕಾರು ಗೋಡೆಗೆ ಗುದ್ದಿತೆಂದು ಹೋದರೆ, ಜಗಲಿಯ ಮೇಲಿನಿಂದ ರೇಷ್ಮೆ ವಸ್ತ್ರದಲ್ಲಿ ಸುತ್ತಿದ ಪಾಲಿಸಿ ತೆಗೆದು ನನ್ನ ಕೈಗಿತ್ತರು. ಅದರ ಅವಧಿ ಮುಗಿದು ಒಂದು ವರ್ಷವಾಗಿತ್ತು. "ಮುಗಿಯೂದಂದ್ರೇನ್ರಿ? ಕಾಗದ ಇಲ್ಲೇ ಐತಲ್ಲ! ಒಂದಿನಾನೂ ಪೂಜಿ ತಪ್ಪಿಸಿಲ್ಲ" ಎಂದು ಅವರು ನನ್ನ ಮೇಲೆಯೇ ಸಿಟ್ಟಾದರು. ಹೊಲದ ಖರೀದಿಪತ್ರದ ಹಾಗೆ, ಒಮ್ಮೆ ಮಾಡಿಸಿದರೆ ಮೊಮ್ಮಕ್ಕಳ ಕಾಲದವರೆಗೂ ನಡೆಯುತ್ತದೆ ಎಂದು ಅವರು ತಿಳಿದಿದ್ದರು.

ಅವರಿಗೇ ಮುಂದೆ ಥರ್ಡ್ ಪಾರ್ಟಿ ಎಂದರೇನು ಎಂದು ಚಹಾದಂಗಡಿಯಲ್ಲಿ ಮೂರು ಕಪ್ಪು ಇಟ್ಟು ತಿಳಿಸಿದೆ. ಒಂದು ಕಪ್ಪು ನೀವು, ಒಂದು ಕಂಪನಿ, ಮೂರನೆಯದು ಹಾದಿಯ ಮೇಲೆ ಹೋಗುವವನು. ನಿಮ್ಮ ಗಾಡಿ ಅವನಿಗೆ ಬಡಿದರೆ ಕಂಪನಿ ಅವನ ನಷ್ಟ ತುಂಬಿಕೊಡುತ್ತದೆ. ಕಾಯ್ದೆಯ ಪ್ರಕಾರ ಇಷ್ಟಂತೂ ಮಾಡಿಸಲೇಬೇಕು.

"ಮತ್ತ ನನ್ನ ಗಾಡಿ ಮುರದ್ರ?"

"ಇದರಾಗ ಅದಕ್ಕೇನೂ ಬರಂಗಿಲ್ರಿ."

"ಇದೊಳ್ಳೇ ಆತಲ್ಲೋ ಮಾರಾಯಾ! ರೊಕ್ಕ ಕಟ್ಟಾಂವ ನಾ, ಉಣ್ಣಾಂವ ಅಂವ!"

ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಅಲ್ಲಿಯೇ ಎರಡನೆಯ ತರಹದ ಪಾಲಿಸಿಯ ಮಾತು ತೆಗೆದೆ. ಅಪಘಾತ, ಬೆಂಕಿ, ಕಳವು, ಯಾವುದರಿಂದ ನಿಮ್ಮ ಸ್ವಂತ ಗಾಡಿಗೆ ಪೆಟ್ಟಾದರೂ ಅದರಲ್ಲಿ ಬರುತ್ತದೆ, ಕಂತು ಮಾತ್ರ ತುಸು ಹೆಚ್ಚು. ಜನ ಅದಕ್ಕೆ ಫುಲ್ ಇನ್ಶುರನ್ಸ್ ಎನ್ನುತ್ತಿದ್ದರು. ನಾನೂ ಹಾಗೆಯೇ ಎನ್ನತೊಡಗಿದೆ. ಅಲ್ಲಿಂದ ಮುಂದೆ ನಾನು ಫುಲ್ ಮಾರುವುದರಲ್ಲಿ ಎಂಥ ಪಂಟನಾದೆನೆಂದರೆ, ನನ್ನ ಮಾತಿಗೆ ನಾನೇ ಮರುಳಾಗಿದ್ದೆ.

ಹಾಗೆ ಮಾರಿದವುಗಳಲ್ಲಿ ಒಂದು ಬಾದಾಮಿಯ ಫೋಟೋಗ್ರಾಫರ್ ದಸ್ತಗೀರನದು. ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಚಿಕ್ಕ ಸ್ಟುಡಿಯೋ. ಮೂರನೇ ಕೈಯಿಂದ ಕೊಂಡ ಒಂದು ಹಳೇ ಅಂಬಾಸಿಡರ್ ಇಟ್ಟುಕೊಂಡಿದ್ದ. ಕ್ಯಾಮೆರಾ, ದೊಡ್ಡ ದೀಪಗಳು, ಅವುಗಳ ಕಾಲು, ಎಲ್ಲ ಹಿಂದಿನ ಸೀಟಿನಲ್ಲಿ ಹೇರಿಕೊಂಡು ಮಹಾಕೂಟ, ಚೊಳಚಗುಡ್ಡ, ಹುನಗುಂದದ ಹಳ್ಳಿಗಳವರೆಗೂ ಮದುವೆ ಫೋಟೋ ತೆಗೆಯಲು ಹೋಗುತ್ತಿದ್ದ. ಗಾಡಿ ಇರುವುದರಿಂದಲೇ ಅವನಿಗೆ ಹಳ್ಳಿ ಮದುವೆಗಳು ಸಿಗುತ್ತಿದ್ದವು. ಇಲ್ಲದಿದ್ದರೆ ಶಾಲಾ ಹುಡುಗರ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತ ಕೂರಬೇಕಿತ್ತು.

"ಬಸಣ್ಣಾರ, ಇಷ್ಟು ಕಟ್ಟಿದ್ರ ಎಲ್ಲಾ ಬರ್ತೈತೇನ್ರಿ?" ಎಂದು ಕೇಳಿದ.

"ಎಲ್ಲಾ ಬರ್ತೈತಿ ತಗೋಪಾ! ನಾ ಅದೀನಲ್ಲ" ಎಂದೆ. ಆ 'ಎಲ್ಲಾ' ಎಂಬುದು ನನ್ನ ಮೊದಲ ತಪ್ಪು. ಹೊಸಬರೇ, ಈ ಕೆಲಸದಲ್ಲಿ ಇರುವಷ್ಟು ದಿನ ಆ ಶಬ್ದವನ್ನು ಬಾಯಿಗೆ ತರಬೇಡಿ. ಲೈಸೆನ್ಸ್ ಇಲ್ಲದವನು ಓಡಿಸಿದರೆ ಬರುವುದಿಲ್ಲ. ಕುಡಿದು ಓಡಿಸಿದರೆ ಬರುವುದಿಲ್ಲ. ಸವೆದ ಟೈರಿಗೆ, ಹಳತಾಗಿ ಕೆಟ್ಟ ಎಂಜಿನ್ನಿಗೆ ಬರುವುದಿಲ್ಲ. ಮತ್ತು ಮುಖ್ಯವಾಗಿ, ಖಾಸಗಿ ಕಾರೆಂದು ವಿಮೆ ಮಾಡಿಸಿದ್ದನ್ನು ಬಾಡಿಗೆಗೆ ಓಡಿಸಿದರೆ ಬರುವುದೇ ಇಲ್ಲ.

ಒಂದು ಬೇಸಿಗೆ. ಮಹಾಕೂಟದಲ್ಲಿ ಕುರುಬರ ಮದುವೆ. ಹುನಗುಂದ ತಾಲೂಕಿನಲ್ಲಿ, ರಾಮಥಾಳದ ಹತ್ತಿರದ ಒಂದು ಹಳ್ಳಿಯವರು. ಹುಡುಗಿಯ ಅಜ್ಜ ಮಾಳಪ್ಪ. ಬೀರಪ್ಪನ ಗುಡಿಯಲ್ಲಿ ಅವನ ಮಾತೇ ಕಡೆಯ ಮಾತು, ಊರಿಗೆ ಹಿರಿಯ. ಅಕ್ಷತೆ ಬಿದ್ದ ಮೇಲೆ ಅವನು ಮೊಣಕಾಲು ನೋವಿನಿಂದ ಏಳಲಾರದೆ ಕೂತುಬಿಟ್ಟ. ದಸ್ತಗೀರ ಮರುದಿನ ಇಳಕಲ್ಲಿನಲ್ಲಿ ಇನ್ನೊಂದು ಮದುವೆಗೆ ಹೋಗಬೇಕಿತ್ತು, ಹಾದಿ ಅದೇ. "ಬರ್ರಿ ಯಜ್ಜಾರ, ಕುಂಡ್ರಿ" ಎಂದು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ. ಬೀಗರು, ನೆಂಟರು ಎಲ್ಲ ಟ್ರ್ಯಾಕ್ಟರಿನಲ್ಲಿ ಬಂದರೆ ಮಾಳಪ್ಪಜ್ಜ ಕಾರಿನಲ್ಲಿ!

ಅಮೀನಗಡ ದಾಟಿದ ಮೇಲೆ ಒಂದು ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂತು. ದಸ್ತಗೀರ ಸ್ಟೇರಿಂಗ್ ಒತ್ತಿ ಹೊರಳಿಸಿದ. ಕಾರು ರಸ್ತೆ ಬಿಟ್ಟು ಇಳಿದು ಜಾಲಿಗಿಡಕ್ಕೆ ಗುದ್ದಿ ನಿಂತಿತು. ಇಬ್ಬರಿಗೂ ತರಚುಗಾಯ, ಅಷ್ಟೇ. ಒಂದು ಕುರಿಮರಿಯೂ ಸಾಯಲಿಲ್ಲ. ಕಾರಿನ ಮೂತಿ ಮಾತ್ರ ಒಳಗೆ ಹೋಗಿ ರೇಡಿಯೇಟರ್ ಎಂಜಿನ್ನಿಗೆ ಅಂಟಿತ್ತು.

ಆ ಕಾಲಕ್ಕೆ ಪೆಟ್ಟಾದ ಗಾಡಿಯ ಫೋಟೋ ಬೇಕೆಂದರೆ ಫೋಟೋಗ್ರಾಫರನನ್ನೇ ಕರೆತರಬೇಕಿತ್ತು. ಈಗಿನ ಹಾಗೆ ಜೇಬಿನಿಂದ ಫೋನು ತೆಗೆದು ಟಕ್ ಟಕ್ ಅನ್ನಿಸುವುದಲ್ಲ. ಆದರೆ ಇಲ್ಲಿ ಕಾರಿನ ಮಾಲಕನೇ ಫೋಟೋಗ್ರಾಫರ್. ತನ್ನ ಮುರಿದ ಕಾರನ್ನು ತಾನೇ, ಬಿಸಿಲು ಎತ್ತ ಬೀಳುತ್ತದೆ ನೋಡಿ, ಎಡದಿಂದ ಒಂದು, ಬಲದಿಂದ ಒಂದು, ಹಿಂದೆ ಗುಡ್ಡ ಕಾಣುವಂತೆ ಒಂದು, ಹೀಗೆ ತೆಗೆದು ಕ್ಲೇಮ್ ಅರ್ಜಿಯ ಜೊತೆ ಕಳಿಸಿದ್ದ. ನಮ್ಮ ಶಾಖೆಯ ಮ್ಯಾನೇಜರ್ ಕುಲಕರ್ಣಿ ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಏನೋ ಬಸವರಾಜಾ, ಇದು ಕ್ಲೇಮಿನ ಫೋಟೋ ಏನು ಲಗ್ನದ್ದು? ಗಾಡಿಗೆ ಬಾಸಿಂಗ ಒಂದು ಕಡಿಮಿ ಆಗ್ಯದ ನೋಡು!" ಎಂದರು. ನಕ್ಕು ಮುಗಿಸಿ ನನ್ನನ್ನು ಮಾಳಪ್ಪನ ಊರಿಗೆ ಕಳಿಸಿದರು. ಗಾಡಿಯಲ್ಲಿದ್ದವನ ಹೇಳಿಕೆ ಬರೆದುಕೊಂಡು ಬರಬೇಕಿತ್ತು.

ಹೋದೆ. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಅಜ್ಜ ಕೂತಿದ್ದ. ಹೆಗಲ ಮೇಲೆ ಕಂಬಳಿ, ತಲೆಗೆ ದೊಡ್ಡ ರುಮಾಲು. ಸುತ್ತ ಹದಿನೈದು ಜನ. ಪಕ್ಕದಲ್ಲಿಯೇ ಹೊಸ ಬೀಗ ಯಲ್ಲಪ್ಪ, ಅದೇ ಊರಿನ ಕೆಳಗಿನ ಓಣಿಯವನು. ಅಜ್ಜ ಅಪಘಾತದ ಕಥೆಯನ್ನು ಎಷ್ಟು ಸೊಗಸಾಗಿ ಹೇಳಿದನೆಂದರೆ ನಾನು ಬರೆಯುವುದನ್ನು ಬಿಟ್ಟು ಕೇಳುತ್ತ ಕೂತೆ. "ಒಂದ್ ಮರಿ ಸಾಯಲಿಲ್ರಿ! ಮೂಕ ಜೀವ ಉಳಸಾಕ ತನ್ನ ಗಾಡಿ ಗಿಡಕ್ಕ ಕೊಟ್ಟ. ನಮ್ಮ ಹಾಲಮತದ ಕುರುಬರು ಮಾಡೂ ಕೆಲಸ ಆ ಸಾಬರ ಹುಡುಗ ಮಾಡ್ಯಾನ ನೋಡ್ರಿ!"

ಕೊನೆಗೆ ಕೇಳಿದೆ: "ಗಾಡಿಗೆ ಏನರ ಕೊಟ್ಟಿದ್ರೇನಜ್ಜಾರ?"

ಅಜ್ಜ ಒಮ್ಮೆ ಬೀಗನ ಕಡೆ ನೋಡಿದ. ಆಮೇಲೆ ನನ್ನ ಕಡೆ. "ಏನಂತ ಕೇಳ್ತಿ ತಮ್ಮಾ! ಬಿಟ್ಟಿ ಕುಂತು ಬರೂ ಮಂದಿ ಅನಕೊಂಡಿ ಏನ ನಮ್ಮನ್ನ? ಬಾಡಿಗಿ ಕೊಟ್ಟ ಬಂದೇನಿ! ಬರಕೋ!"

ನನಗೆ ಆದ ಖುಷಿ ಏನೆಂದು ಹೇಳಲಿ! ಯಾರೂ ಕಂಡುಹಿಡಿಯದ್ದನ್ನು ಕಂಡುಹಿಡಿದೆ ಎಂದು ನನ್ನ ಎದೆ ಉಬ್ಬಿತು. ಬಾಡಿಗೆ! ಖಾಸಗಿ ಕಾರು! ಅಲ್ಲಿಯೇ ಬರೆದೆ, ಅಜ್ಜನ ಹೆಬ್ಬೆಟ್ಟು ಒತ್ತಿಸಿದೆ, ಸಾಕ್ಷಿಗೆ ಯಲ್ಲಪ್ಪನ ಸಹಿ ಹಾಕಿಸಿದೆ. ಬಸ್ಸಿನಲ್ಲಿ ಬರುವಾಗ ಆ ಹಾಳೆಯನ್ನು ನಾಲ್ಕು ಸಲ ತೆಗೆದು ನೋಡಿದೆ. ದಸ್ತಗೀರ ನನ್ನ ಮಾತು ನಂಬಿ ಪಾಲಿಸಿ ಮಾಡಿಸಿದವನು ಎಂಬುದು ಆ ನಾಲ್ಕು ಸಲವೂ ನನ್ನ ತಲೆಗೆ ಬರಲಿಲ್ಲ. ಈಗ ನೆನೆದರೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ನನ್ನ ವರದಿ ನೋಡಿ ಕುಲಕರ್ಣಿ ಸಾಹೇಬರು ಕ್ಲೇಮ್ ನಿರಾಕರಿಸುವ ಪತ್ರ ಟೈಪ್ ಮಾಡಿಸಿದರು. ಮರುದಿನ ಸಂಜೆಯ ಟಪಾಲಿಗೆ ಅದು ಹೋಗಬೇಕು. ಪತ್ರ ಟೈಪಾದ ದಿನವೇ ಮಧ್ಯಾಹ್ನ ದಸ್ತಗೀರ ತಾನಾಗಿ ಕಚೇರಿಗೆ ಬಂದ, ಗಾಡಿ ಯಾವಾಗ ರಿಪೇರಿಗೆ ಬಿಡಲಿ ಎಂದು ಕೇಳಲು. ನಾನು ಎದೆ ಗಟ್ಟಿ ಮಾಡಿಕೊಂಡು ವಿಷಯ ಹೇಳಿದೆ.

ಅವನು ಕೂಗಾಡಲಿಲ್ಲ. "ಬಾಡಿಗೀನಾ? ಒಂದ್ ಪೈಸಾ ಇಸ್ಕೊಂಡಿಲ್ಲರಿ ಬಸಣ್ಣಾರ. ಅಲ್ಲಾಹ್‌ನ ಆಣಿ. ಕಾಲ್ ನೋವಿನ ಮುದುಕನ್ನ ಕೂಡಿಸ್ಕೊಂಡು ರೊಕ್ಕ ಇಸ್ಕೊಂತೇನೇನ್ರಿ?"

"ಮತ್ತ ಅಜ್ಜ ಯಾಕ ಹಂಗ ಹೇಳಿದಾ?"

ದಸ್ತಗೀರ ತಿರುಗಿ ನನ್ನನ್ನೇ ಕೇಳಿದ. "ಅವಾಗ ಅಜ್ಜನ ಮುಂದ ಯಾರಿದ್ರು?"

"ಊರ ಮಂದಿ. ಅವರ ಬೀಗರು."

"ಹಾಂ... ಬೀಗರ ಮುಂದ ಹೆಂಗ ಹೇಳ್ತಾನ್ರಿ ಬಿಟ್ಟಿ ಬಂದೇನಿ ಅಂತ? ನೀವು ಕೇಳಬಾರದ ಜಾಗಾದಾಗ ಕೇಳೀರಿ." ಆಮೇಲೆ ಅವನು ಹೇಳಿದ್ದು ಕೇಳಿ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ಆತು ಬಿಡ್ರಿ. ದೊಡ್ಡ ಕ್ಯಾಮೆರಾ ಮಾರಿ ಗಾಡಿ ರಿಪೇರಿ ಮಾಡಿಸ್ತೇನಿ. ಆ ಅಜ್ಜನ್ನ ಮಾತ್ರ ಮಂದ್ಯಾಗ ಸುಳ್ಳ ಮಾಡಬ್ಯಾಡ್ರಿ. ಮೊಮ್ಮಗಳು ಆ ಮನ್ಯಾಗ ಬಾಳೇ ಮಾಡಬೇಕು."

ದೊಡ್ಡ ಕ್ಯಾಮೆರಾ ಮಾರಿ ಗಾಡಿ ಇಟ್ಟುಕೊಂಡು ಫೋಟೋಗ್ರಾಫರ್ ಏನು ಮಾಡಬೇಕು? ನಾನು ಸೀದಾ ಕುಲಕರ್ಣಿ ಸಾಹೇಬರ ಮುಂದೆ ನಿಂತೆ. ಅವರು ನನ್ನ ವರದಿಯನ್ನು ಮತ್ತೊಮ್ಮೆ ಓದಿದರು. ಈ ಸಲ ಅವರ ಮುಖ ಕೆಂಪೇರಿತು.

"ಬಾಡಿಗಿ ಕೊಟ್ಟಾನ ಅಂತ ಬರದೀಯಲ್ಲ, ಎಷ್ಟು?"

"ಕೇಳಲಿಲ್ರಿ ಸರ."

"ಯಾರ ಕೈಯಾಗ?"

"ಅದೂ..."

"ಯಾವಾಗ? ಹತ್ತೂ ಮುಂದನೋ, ಇಳದ ಮ್ಯಾಲೋ? ಗಾಡಿ ಗಿಡಕ್ಕ ಬಡದ ಮ್ಯಾಲೆ ಯಾಂವರ ಬಾಡಿಗಿ ಕೊಡ್ತಾನೇನೋ? ಒಂದೂ ಕೇಳಿಲ್ಲ! ನಾನೂ ಕತ್ತೆ ಹಂಗ ಟೈಪ್ ಮಾಡಿಸಿ ಕೂತೀನಿ!" ಅವರು ಪತ್ರವನ್ನು ಪೇಪರ್‌ವೇಟಿನ ಕೆಳಗೆ ಇಟ್ಟರು. "ನಾಳೆ ಐದೂವರಿಗೆ ಟಪಾಲು ಕಟ್ತಾರ. ಅಷ್ಟರಾಗ ಹೊಸ ಹೇಳಿಕಿ ತಂದ್ರ ಸರಿ. ಆದ್ರ ಒಂದು ಮಾತು ಕೇಳು. ಮಂದಿ ಮುಂದ ಹೇಳಿದ್ದನ್ನ ಒಳಗ ಕರದು ತಿದ್ದಿಸ್ಕೊಂಡು ಬಂದ್ರ ನಾ ನಂಬಂಗಿಲ್ಲ. ಅದೇ ಕಟ್ಟಿ, ಅದೇ ಸಾಕ್ಷಿ."

ಅದೇ ಸಾಕ್ಷಿ ಎಂದರೆ ಬೀಗ ಯಲ್ಲಪ್ಪ!

ಮರುದಿನ ಮೊದಲ ಬಸ್ಸು ಹಿಡಿದೆ. ಹುನಗುಂದದಲ್ಲಿಳಿದು ಒಂದು ಸೈಕಲ್ ಬಾಡಿಗೆ ಪಡೆದು ಏದುಸಿರು ಬಿಡುತ್ತ ತುಳಿದೆ. ಊರ ಹೊರಗೆ ಕುರಿಹಟ್ಟಿಯಲ್ಲಿ ಅಜ್ಜ ಒಬ್ಬನೇ ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ಪುಣ್ಯಕ್ಕೆ ಒಬ್ಬನೇ! ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಪಾಲಿಸಿಯಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ, ಎಲ್ಲ ಬಿಡಿಸಿ ಹೇಳಿದೆ. ಬಾಡಿಗೆ ಎಂಬ ಒಂದು ಮಾತಿನಿಂದ ದಸ್ತಗೀರನ ಕ್ಲೇಮ್ ಮುಳುಗುತ್ತದೆ ಎಂದೆ. ಕ್ಯಾಮೆರಾ ಮಾರುವ ಮಾತನ್ನೂ ಹೇಳಿದೆ. ಅಜ್ಜನ ಹೆಸರು ಕೆಡಿಸಬೇಡಿ ಎಂದು ಅವನು ಬೇಡಿಕೊಂಡದ್ದನ್ನೂ ಮುಚ್ಚಿಡಲಿಲ್ಲ.

ಅಜ್ಜನ ಕೈಯಲ್ಲಿದ್ದ ಚಿಮಟ ನಿಂತುಬಿಟ್ಟಿತು.

"ಇದನ್ನ ನೀ ಅವತ್ತ ಯಾಕ ಹೇಳಲಿಲ್ಲೋ? ಬಾಡಿಗಿ ಅಂದ್ರ ಅವನ ಗಾಡಿಗೆ ಕುತ್ತು ಅಂತ?"

ನಾನು ಚೀಲದ ಬಾಯಿ ಬಿಚ್ಚಿ ಮತ್ತೆ ಕಟ್ಟಿದೆ.

"ಮಾತಾಡೋ! ಕೇಳೂದು ಗೊತ್ತೈತಿ, ಹೇಳೂದು ಗೊತ್ತಿಲ್ಲೇನ ನಿಮ್ಮ ಕಂಪನಿಯವ್ರಿಗೆ? ನಾ ಏನೋ ಬೀಗನ ಮುಂದ ಮೀಸಿ ತಿರುವಿದ್ನಿ. ನೀ ಓದಿದಾಂವ, ನಿನಗ ಬುದ್ಧಿ ಬ್ಯಾಡಾ?"

ಬೈದ, ಚೆನ್ನಾಗಿ ಬೈದ. ನಾನು ತಲೆ ತಗ್ಗಿಸಿ ಬೈಸಿಕೊಂಡೆ. ಆಮೇಲೆ ಅವನು ಮರಿಯನ್ನು ಹಟ್ಟಿಯೊಳಗೆ ಬಿಟ್ಟು, ಕೈ ತೊಳೆದು, ರುಮಾಲು ಬಿಚ್ಚಿ ಹೊಸದಾಗಿ ಸುತ್ತಿಕೊಂಡ. ನೋವಿನ ಕಾಲು ಎಳೆಯುತ್ತ ಊರೊಳಗೆ ನಡೆದ. ನಾನು ಸೈಕಲ್ ತಳ್ಳುತ್ತ ಹಿಂದೆ. ಗುಡಿ ಕಟ್ಟೆಗೆ ಬಂದವನೇ ಒಬ್ಬನನ್ನು ಓಡಿಸಿ ಬೀಗನನ್ನು ಕರೆಸಿದ. ಯಲ್ಲಪ್ಪ ಬರುವಷ್ಟರಲ್ಲಿ ಇಪ್ಪತ್ತು ಜನ ಕೂಡಿದ್ದರು.

"ಬೀಗಾ," ಎಂದ ಮಾಳಪ್ಪಜ್ಜ, ಗುಡಿಯ ಬಾಗಿಲಿನ ಕಡೆ ಮುಖ ಮಾಡಿ. "ಮಹಾಕೂಟದಿಂದ ನಾ ಆ ದಸ್ತಗೀರನ ಗಾಡ್ಯಾಗ ಬಿಟ್ಟಿ ಬಂದೇನಿ. ಒಂದ್ ದುಡ್ಡೂ ಕೊಟ್ಟಿಲ್ಲ. ಅಂವ ಕೇಳಲೂ ಇಲ್ಲ."

ಯಲ್ಲಪ್ಪ ಕೆಮ್ಮಿದ. "ಹೋಗ್ಲಿ ಬಿಡ್ರಿ ಮಾವಾರ, ಅದಕ್ಯಾಕ ಇಷ್ಟು ಮಂದಿ..." ಎಂದು ಏನೋ ಹೇಳಹೋದ. ಅಜ್ಜ ಕೈ ಎತ್ತಿ ಸುಮ್ಮನಿರಿಸಿದ.

ನಾನು ಎಷ್ಟು, ಯಾರಿಗೆ, ಯಾವಾಗ, ಮೂರನ್ನೂ ಕೇಳಿದೆ. ಮೂರಕ್ಕೂ ಅವನು ಏನೂ ಇಲ್ಲ ಎಂದ. ಬರೆದು ಮುಗಿಸಿ ಹೆಬ್ಬೆಟ್ಟಿನ ಶಾಯಿ ಡಬ್ಬಿ ತೆಗೆದೆ.

"ಮೊದಲ ಓದಿ ಹೇಳು. ಜೋರಾಗಿ."

ಓದಿದೆ. ಅಜ್ಜ ಕೇಳಿ, "ಇನ್ನೊಂದ್ ಸಾಲ ಬಿಟ್ಟೀ. ಮೊನ್ನೆ ನಾ ಹೇಳಿದ್ದು ಸುಳ್ಳು ಅಂತ ಬರಿ" ಎಂದ.

"ಅದು ಬೇಕಾಗಿಲ್ರೀ ಯಜ್ಜಾರ. ಇಷ್ಟ ಸಾಕು, ಕೆಲಸ ಆಗ್ತೈತಿ."

"ನಿನ್ನ ಕೆಲಸ ಆಗ್ತೈತಿ. ನಾಳೆ ನಿಮ್ಮ ಸಾಹೇಬ ಅಂತಾನ, ಆ ಫೋಟೋದ ಹುಡುಗ ಬಂದು ಮುದುಕನ್ನ ತಿರುವ್ಯಾನ ಅಂತ. ಸುಳ್ಳ ಹೇಳಿದಾಂವ ನಾ. ಅವನ ಮ್ಯಾಲ ಬರಬಾರದು. ಬರಿ: ನಾ ಮಾಳಪ್ಪ, ಬೀಗರ ಮುಂದ ದೊಡ್ಡಸ್ತಿಕಿ ತೋರಸಾಕ ಸುಳ್ಳ ಹೇಳಿದ್ನಿ."

ಬರೆದೆ. ಅವನು ಹೆಬ್ಬೆಟ್ಟು ಒತ್ತಿದ. ಯಲ್ಲಪ್ಪ ಅದರ ಕೆಳಗೆ ಸಹಿ ಮಾಡಿದವನು, ಎದ್ದು ಮಾಳಪ್ಪಜ್ಜನ ಮೊಣಕಾಲು ಮುಟ್ಟಿ ನಮಸ್ಕಾರ ಮಾಡಿದ.

ಆಮೇಲಿನ ಓಟ ಕೇಳಬೇಡಿ! ಹುನಗುಂದದಲ್ಲಿ ಬಸ್ಸು ತಪ್ಪಿತು. ಗ್ರಾನೈಟ್ ಹೇರಿಕೊಂಡು ಇಳಕಲ್ಲಿನಿಂದ ಬರುತ್ತಿದ್ದ ಲಾರಿಗೆ ಕೈ ಮಾಡಿ ಹತ್ತಿದೆ. ಲಾರಿಯಲ್ಲಿ ಹೀಗೆ ಕೂರುವವರಿಗೆ ವಿಮೆ ಇರುವುದಿಲ್ಲ ಎಂದು ಊರಿಗೆಲ್ಲ ಹೇಳುವವನು ನಾನು! ಡ್ರೈವರನ ಪಕ್ಕ ಆ ಹಾಳೆಯನ್ನು ಅಂಗಿಯೊಳಗೆ ಇಟ್ಟು ಎರಡೂ ಕೈಯಿಂದ ಒತ್ತಿ ಹಿಡಿದು ಕೂತೆ. ಬಾಗಲಕೋಟೆಯಲ್ಲಿ ಮೆಟ್ಟಿಲು ಹತ್ತಿದಾಗ ಸಿಪಾಯಿ ಟಪಾಲಿನ ಚೀಲಕ್ಕೆ ದಾರ ಕಟ್ಟುತ್ತಿದ್ದ.

ಕುಲಕರ್ಣಿ ಸಾಹೇಬರು ಹೇಳಿಕೆ ಓದಿದರು. ಕೊನೆಯ ಸಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಪೇಪರ್‌ವೇಟಿನ ಕೆಳಗಿನ ಪತ್ರ ತೆಗೆದು ನಾಲ್ಕು ತುಂಡು ಮಾಡಿದರು. ನಾನು ಕುಣಿಯುವುದೊಂದು ಬಾಕಿ. ಹೊರಡಲು ತಿರುಗಿದೆ.

"ಎಲ್ಲಿಗೆ ಹೊಂಟಿ? ಬಾ ಇಲ್ಲೆ." ಅವರು ಆ ಹಾಳೆಯನ್ನು ನನ್ನ ಕಡೆ ಸರಿಸಿದರು. "ಓದು ಬರಹ ಇಲ್ಲದ ಮನಷ್ಯ ಊರ ಮುಂದ ನಿಂತು ತನ್ನ ತಪ್ಪು ಬರಿಸ್ಯಾನ. ನಿಂದು ಎಲ್ಲದ?"

ನಾನು ಅಲ್ಲಿಯೇ ಕುರ್ಚಿ ಎಳೆದುಕೊಂಡು ಕೂತು, ಅಜ್ಜನ ಹೆಬ್ಬೆಟ್ಟಿನ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದೆ: ಎಲ್ಲಾ ಬರುತ್ತದೆ ಎಂದು ಹೇಳಿ ಈ ಪಾಲಿಸಿ ಮಾರಿದವನು ನಾನು. ಕೇಳಬೇಕಾದ್ದನ್ನು ಕೇಳದೆ ಮೊದಲ ಹೇಳಿಕೆ ಬರೆದವನೂ ನಾನೇ. ಸಹಿ ಮಾಡಿದೆ. ಸಾಹೇಬರು ಅದರ ಪಕ್ಕದಲ್ಲಿ, ಸರಿಯಾಗಿ ಓದದೆ ಪತ್ರ ಟೈಪ್ ಮಾಡಿಸಿದವನು ನಾನು ಎಂದು ಬರೆದು ತಮ್ಮ ಸಹಿಯನ್ನೂ ಹಾಕಿ, ಕ್ಲೇಮ್ ಮಂಜೂರು ಮಾಡಿದರು.